ಬಾಣಂತಿ ಬೆಳ್ಳುಳ್ಳಿಗೆ ಸೈಬೀರಿಯಾದ ಚಳಿ

"ಎಲ್ಲಾರೂ ಎರಡ ಹೆಜ್ಜಿ ಹಿಂದ ಸರೀರಿ!" ಎಂದು ಪಂಚಾಕ್ಷರಿ ಮಾಸ್ತರು ಗಂಭೀರವಾಗಿ ಸಾರಿದರು.

ಎಲ್ಲರೂ ಎಂದರೆ, ಬೆಳಗಾವಿಯ ಆ ಸಣ್ಣ ಹಿತ್ತಲಿನಲ್ಲಿ ಆಗ ಇದ್ದವಳು ಅವರ ಹೆಂಡತಿ ನಿಂಬೆವ್ವ ಒಬ್ಬಳೇ. ಅವಳ ಬೆನ್ನಿಗೆ ಆಗಲೇ ಬಚ್ಚಲ ಗೋಡೆ ತಾಗಿತ್ತು. ಹಿಂದೆ ಸರಿಯಲು ಜಾಗವಿಲ್ಲದೆ ಅವಳು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ನಿಂತಳು. ಗಂಡನ ಯಂತ್ರಗಳ ಎದುರು ಹೇಗೆ ನಿಲ್ಲಬೇಕೆಂಬುದು ಅವಳಿಗೆ ಅನುಭವದಿಂದ ತಿಳಿದಿತ್ತು. ಹಿಂದಿನ ಸಲ ಅವರು ಮಾಡಿದ ರೊಟ್ಟಿ ಬಡಿಯುವ ಯಂತ್ರ ಮೊದಲನೆಯ ರೊಟ್ಟಿಯನ್ನು ನೆರೆಮನೆಯ ಟೆರೇಸಿಗೂ ಎರಡನೆಯದನ್ನು ಅಂಚೆಯವನ ಬೆನ್ನಿಗೂ ಬಡಿದಿತ್ತು. ಆ ಅಂಚೆಯವ ಈಗಲೂ ಟಪಾಲನ್ನು ರಸ್ತೆಯಿಂದಲೇ ಎಸೆದು ಹೋಗುತ್ತಾನೆ.

ಮಾಸ್ತರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಸ್ವತಃ ಅವರು ದಕ್ಷಿಣಕ್ಕೆ ಹುಬ್ಬಳ್ಳಿ, ಪಶ್ಚಿಮಕ್ಕೆ ಗೋವಾ ಬಿಟ್ಟು ಮುಂದೆ ಹೋದವರಲ್ಲ. ಆದರೆ ಪ್ರಪಂಚದ ಯಾವ ಮೂಲೆಯಲ್ಲಿ ಎಷ್ಟು ಚಳಿ ಎಂದು ಕೇಳಿದರೆ ನಿನ್ನೆಯಷ್ಟೇ ಅಲ್ಲಿಂದ ಬಂದವರಂತೆ ಹೇಳುತ್ತಿದ್ದರು. ನಿವೃತ್ತಿಯ ದಿನ ಶಾಲೆಯವರು ಶಾಲು, ಹಾರ ಮತ್ತು ತಮಗೆ ಬೇಡವಾಗಿದ್ದ ಒಂದು ಹಳೇ ಗ್ಲೋಬನ್ನು ಕೊಟ್ಟು ಕಳಿಸಿದ್ದರು. ಆ ಗ್ಲೋಬು ಈಗ ಗುಜರಿ ಫ್ರಿಜ್ಜಿನಿಂದ ಕಿತ್ತ ಒಂದು ಯಂತ್ರದ ನೆತ್ತಿಯ ಮೇಲೆ ಕುಳಿತಿತ್ತು. ಅದರ ಪಕ್ಕದಲ್ಲಿ ನಿಂಬೆವ್ವನ ಒಂದು ಸ್ವೆಟರ್ ಸೂಜಿ ಬಾಣದಂತೆ ನಿಂತಿತ್ತು.

"ಇದಕ ಮಾಗಿ ಯಂತ್ರ ಅಂತ ಹೆಸರಿಟ್ಟೇನಿ. ಸೂಜಿ ಯಾವ ಊರಿನ ಮ್ಯಾಲೆ ನಿಂದರತೈತೋ, ಆ ಊರಿನ ಚಳಿ ಈ ಬಳ್ಳೊಳ್ಳಿ ಮಡಿಯಾಗ ಬೀಳತೈತಿ!"

"ನಮ್ಮೂರಾಗ ಇರೋ ಚಳಿ ಸಾಲವಲ್ದೇನ್ರಿ? ಬೆಳಿಗ್ಗೆದ್ದು ಬೋಗಣಿ ಮುಟ್ಟಿದ್ರ ಕೈ ಮರಗಟ್ಟತಾವ!"

"ನಿನಗ ಸಾಕು. ಬಳ್ಳೊಳ್ಳಿಗೆ ಸಾಲೂದಿಲ್ಲ. ಕೇಳಿಲ್ಲೆ, ಬಳ್ಳೊಳ್ಳಿಗೆ ಕ್ಯಾಲೆಂಡರ್ ಓದಾಕ ಬರೂದಿಲ್ಲ. ನಾ ಎಷ್ಟು ಥಂಡಿ ಉಂಡೆ ಅನ್ನೋದಷ್ಟ ಅದಕ ಗೊತ್ತು. ಹೊಟ್ಟಿ ತುಂಬ ಥಂಡಿ ಉಣಿಸಿದ್ರ, ಮಾಗಿ ಮುಗೀತಪ್ಪಾ ಅಂತ ತಿಳಕೊಂಡು ಗಡ್ಡಿ ಕಟ್ಟತೈತಿ. ಶಿವರಾತ್ರಿಗೆ ಬರೋ ಗಡ್ಡಿ ಮುಂದಿನ ವಾರ ಬರತೈತಿ!"

ಮುಂದಿನ ವಾರವೇ ಬರಬೇಕಾಗಿತ್ತು. ಅದಕ್ಕೆ ಕಾರಣ ಅವರ ಬೀಗತಿ ಶಿವಗಂಗವ್ವ. ಬಸುರಿಯಾಗಿದ್ದ ಮಗಳು ದಾಕ್ಷಾಯಣಿಯ ಕುಪ್ಪಸದ ಕಾರ್ಯದಲ್ಲಿ, ನೆರೆದ ಹೆಂಗಸರೆಲ್ಲರ ನಡುವೆ ಶಿವಗಂಗವ್ವ ಗಂಟಲು ಸರಿಮಾಡಿಕೊಂಡು, "ನಮ್ಮ ಸೊಸಿಗೆ ಪ್ಯಾಟಿ ಬಳ್ಳೊಳ್ಳಿ ಉಣಿಸಬ್ಯಾಡ್ರಿ. ಎದಿಹಾಲು ಕೆಡತೈತಿ. ನಮ್ಮ ಹೊಲದ್ದ ಒಂದ ಚೀಲ ಕಳಸ್ತೀನಿ" ಎಂದಿದ್ದಳು. ಅಷ್ಟಕ್ಕೆ "ಆಗಲಿರಿ" ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಮಾಸ್ತರು ಪಡಸಾಲೆಯಿಂದಲೇ, "ಏನೂ ಬ್ಯಾಡ್ರಿ! ನಮ್ಮ ಮಗಳಿಗೆ ಬೇಕಾದ ಬಳ್ಳೊಳ್ಳಿ ನಮ್ಮ ಹಿತ್ತಲದಾಗ ನಾವ ಬೆಳೀತೀವಿ!" ಎಂದು ಕೂಗಿಬಿಟ್ಟರು. ಶಿವಗಂಗವ್ವ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಹೇಳಿದಳು: "ಚಲೋ ಆತು ಬಿಡ್ರಿ. ಬೆಳದ ಉಣಿಸಿದ್ರ ಪದ್ಧತಿ ಪ್ರಕಾರ ಐದ ತಿಂಗಳು ತವರಾಗ ಇರಲಿ. ಇಲ್ಲಂದ್ರ ತೊಟ್ಟಲದಾಗ ಹಾಕಿದ ಮರುದಿನಾನ ತಾಯಿ-ಕೂಸನ್ನ ನಾ ಕರಕೊಂಡ ಹೋಗ್ತೀನಿ."

ನಿಂಬೆವ್ವನಿಗೆ ಇರುವವಳು ಒಬ್ಬಳೇ ಮಗಳು. ಮದುವೆಯಾದ ಮೇಲೆ ಆ ಮಗಳು ತವರಿನಲ್ಲಿ ಒಟ್ಟಿಗೆ ಒಂದು ವಾರ ನಿಂತದ್ದಿಲ್ಲ. ಈ ಬಾಣಂತನದ ಐದು ತಿಂಗಳಿಗಾಗಿ ನಿಂಬೆವ್ವ ಎಷ್ಟು ಕೌದಿ ಹೊಲಿದಿದ್ದಳು, ಎಷ್ಟು ಅಂಟಿನ ಉಂಡೆ ಕಟ್ಟಿದ್ದಳು! ಈಗ ಅದೆಲ್ಲ ಬೆರಳುದ್ದ ಬೆಳೆದು ನಿಂತುಬಿಟ್ಟ ಬೆಳ್ಳುಳ್ಳಿ ಮೊಳಕೆಗಳ ಮೇಲೆ ನಿಂತಿತ್ತು. ತೊಟ್ಟಿಲ ಶಾಸ್ತ್ರಕ್ಕೆ ಹತ್ತಿರ ಹತ್ತಿರ ಒಂದು ವಾರ ಉಳಿದಿತ್ತು. ಸದ್ಯಕ್ಕೆ ಅವಳು ಪೇಟೆಯ ಬೆಳ್ಳುಳ್ಳಿಯನ್ನೇ ಸುಲಿದು ಹಾಕಿ, ಸಿಪ್ಪೆಯನ್ನು ಯಾರ ಕಣ್ಣಿಗೂ ಬೀಳದಂತೆ ಒಲೆಗೆ ತುರುಕುತ್ತಿದ್ದಳು.

"ಮತ್ತ ಆ ಎರಡನೇ ತಾಮ್ರದ ಕೊಳವಿ ಎಲ್ಲಿಗೆ ಹೊಂಟೈತಿ?" ಎಂದು ಅವಳು ಕೇಳಿದಳು.

ಮಾಸ್ತರು ಇದೇ ಪ್ರಶ್ನೆಗಾಗಿ ಕಾಯುತ್ತಿದ್ದರು. "ಅಲ್ಲೇ ಐತಿ ನೋಡು ಜಾಣತನ! ಥಂಡಿ ಅನ್ನೋದು ಹೊಸದಾಗಿ ಹುಟ್ಟೂದಿಲ್ಲ. ಇಲ್ಲಿಂದ ಬಿಸಿ ತಗದ್ರ ಇಲ್ಲಿ ಥಂಡಿ ಆಗತೈತಿ. ತಗದ ಬಿಸಿ ಎಲ್ಲೆರೆ ಇಡಬೇಕಲ? ನಮ್ಮ ಮನ್ಯಾಗ ಬಿಸಿ ಯಾರಿಗೆ ಬೇಕಾಗೇತಿ? ಬಾಣಂತಿಗೆ! ಬಳ್ಳೊಳ್ಳಿ ಮಡಿಯಿಂದ ತಗದ ಬಿಸಿ ಸೀದಾ ದಾಕ್ಷಾನ ಹೊರಸಿನ ಬುಡಕ! ಕೆಂಡದ ಶೆಗಡಿ ಬ್ಯಾಡ, ಹೊಗಿ ಬ್ಯಾಡ!"

ನಿಂಬೆವ್ವ ಕೊಳವೆಯನ್ನು ಹಿಡಿದುಕೊಂಡು ಕಿಟಕಿಯೊಳಗೆ ಇಣುಕಿದಳು. ಬಾಣಂತಿ ಕೋಣೆಯಲ್ಲಿ ಮಗಳು ಮಲಗಿದ್ದ ಹೊರಸಿನ ಕೆಳಗೆ ಕೊಳವೆಯ ತುದಿಗೆ ಒಂದು ಕಬ್ಬಿಣದ ತಟ್ಟೆಯನ್ನು ಬೆಸೆಯಲಾಗಿತ್ತು. ಅದನ್ನು ನೋಡಿದ್ದೇ ಅವಳು ಗಂಡನ ಕಡೆ ತಿರುಗಿದಳು.

"ಏನ್ರೀ! ಅದು ನಮ್ಮವ್ವ ಕೊಟ್ಟ ರೊಟ್ಟಿ ಹಂಚ ಅಲ್ಲೇನು?"

"ವಿಜ್ಞಾನಕ್ಕ ತ್ಯಾಗ ಬೇಕಾಗತೈತಿ" ಎನ್ನುತ್ತ ಮಾಸ್ತರು ಅವಸರವಾಗಿ ಗ್ಲೋಬು ತಿರುಗಿಸಿ ಸೂಜಿಯನ್ನು ಕಾಶ್ಮೀರದ ಮೇಲೆ ನಿಲ್ಲಿಸಿ ಬಟನ್ ಒತ್ತಿದರು.

ಯಂತ್ರ ಕೆಮ್ಮಿತು, ನಡುಗಿತು, ಆಮೇಲೆ ಬೆಕ್ಕಿನಂತೆ ಗುರುಗುಟ್ಟತೊಡಗಿತು. ಮಡಿಯ ಮಣ್ಣಿನ ಮೇಲೆ ತೆಳ್ಳಗೆ ಬಿಳಿ ಪುಡಿ ಕೂತಿತು. ಒಳಗಿನಿಂದ ದಾಕ್ಷಾಯಣಿ, "ಅವ್ವಾ, ಹೊರಸು ಎಷ್ಟ ಹಿತವಾಗಿ ಬೆಚ್ಚಗಾತು! ಕೂಸಿಗೆ ನಿದ್ದಿ ಹತ್ತೇತಿ" ಎಂದಳು. ನಿಂಬೆವ್ವ ಮೂಗಿನಿಂದ ಸೆರಗು ಇಳಿಸಿದಳು. ಗಂಡನ ಯಂತ್ರವೊಂದು ಹೇಳಿದ ಕೆಲಸವನ್ನೇ ಮಾಡಿದ್ದು ಅವಳು ನೋಡಿದ್ದು ಇದೇ ಮೊದಲು. ಅವಳಿಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು.

ಆ ಹೆದರಿಕೆ ಮರುದಿನವೇ ಆಟೋ ಹತ್ತಿ ಬಂದಿಳಿಯಿತು. ದಾಕ್ಷಾಯಣಿ ಫೋನಿನಲ್ಲಿ ಗಂಡನಿಗೆ, "ನಮ್ಮಪ್ಪ ನನ್ನ ಮಿಶಿನ್ ಮ್ಯಾಲೆ ಕಾಸಾಕತ್ತಾನ" ಎಂದಿದ್ದಳಂತೆ. ಆ ಮಾತು ಅತ್ತೆಯ ಕಿವಿಗೆ ಬಿದ್ದಿತ್ತು. ತೊಟ್ಟಿಲ ಶಾಸ್ತ್ರಕ್ಕೆ ಬರಬೇಕಾಗಿದ್ದ ಶಿವಗಂಗವ್ವ ಸ್ವೆಟರಿನ ಮೇಲೆ ಸ್ವೆಟರ್, ಅದರ ಮೇಲೆ ಶಾಲು, ಕಿವಿಯಲ್ಲಿ ಅರಳೆ, ತಲೆಗೆ ಮಫ್ಲರ್ ಸುತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು.

"ಕೆಂಡ ಎಲ್ಲೈತಿ?" ಇದು ಅವಳ ಮೊದಲ ಮಾತು. ಕಾಲು ತೊಳೆದದ್ದೂ ಆಮೇಲೆ.

"ಕೆಂಡದ ಕಾಲ ಹೋತ್ರಿ ಬೀಗತ್ಯಾರ!" ಎಂದು ಮಾಸ್ತರು ಮುಂದೆ ಬಂದರು. "ಇದು ಪರಸ್ಪರ ಉಷ್ಣ ವಿನಿಮಯ..."

"ನಿಮ್ಮ ವಿನಿಮಯ ನನಗ ಬ್ಯಾಡ. ಬಾಣಂತಿ ಬೆನ್ನಿಗೆ ಥಂಡಿ ಹೊಡೀತಂದ್ರ ಮುದುಕಿ ಆಗೂತನಕ ಬೆನ್ನ ನೋವು. ಆಮ್ಯಾಲೆ ಅಕಿ ಸೇವಾ ನಾನ ಮಾಡಬೇಕು."

ಅವಳು ನೇರವಾಗಿ ಕೋಣೆಗೆ ಹೋಗಿ ಸೊಸೆಯ ಕಿವಿಯ ಅರಳೆ ನೋಡಿದಳು, ತಲೆಯ ಪಟ್ಟಿ ನೋಡಿದಳು, ಕೂಸಿನ ಅಂಗಾಲು ಮುಟ್ಟಿದಳು. ಆಮೇಲೆ ಬಗ್ಗಿ ಹೊರಸಿನ ಕೆಳಗೆ ಕೈಯಿಟ್ಟಳು. ಹದವಾದ ಬಿಸಿ. ತಪ್ಪು ಹುಡುಕಲು ಇಷ್ಟು ದೂರ ಬಂದವಳಿಗೆ ತಪ್ಪೇ ಸಿಗದಿದ್ದರೆ ಎಷ್ಟು ಬೇಸರವಾಗುತ್ತದೆಂದು ನಿಂಬೆವ್ವ ಬೀಗತಿಯ ಮುಖ ನೋಡಿ ತಿಳಿದುಕೊಂಡಳು. ತನ್ನ ನಗು ಕಾಣಬಾರದೆಂದು ಚಹಾ ಇಡಲು ಒಳಗೆ ಹೋದಳು.

ಆದರೆ ಬೇಸರ ಬಹಳ ಹೊತ್ತು ಉಳಿಯಲಿಲ್ಲ. ಚಹಾ ಕುಡಿದ ಮೇಲೆ ಶಿವಗಂಗವ್ವ ಹಿತ್ತಲಿಗೆ ಹೋದಳು.

"ಬಳ್ಳೊಳ್ಳಿ ಎಲ್ಲಿ ಅದಾವ್ರಿ?"

"ಇವ ಅಲ್ಲೇನ್ರಿ!"

"ಇವು? ನಾ ಎಲ್ಲೋ ಹುಲ್ಲು ಬೆಳದೈತಿ ಅಂತ ಮಾಡಿದ್ನಿ." ಅವಳು ಬೆರಳಿನಿಂದ ಒಂದು ಎಲೆಯನ್ನು ಮೀಟಿದಳು. "ನಮ್ಮ ಹೊಲದಾಗ ಮೊಣಕಾಲಿಗೆ ಬಂದಾವ. ನಿಂಬೆಕ್ಕಾ, ದಾಕ್ಷಾನ ಸೀರಿ-ಅರಿವಿ ಗಂಟ ಕಟ್ಟಾಕ ಸುರು ಮಾಡ್ರಿ."

ನಿಂಬೆವ್ವ ಖಾಲಿ ಕಪ್ಪು-ಬಸಿ ಹಿಡಿದುಕೊಂಡು ಗಂಡನ ಮುಖ ನೋಡಿದಳು. ಮಾಸ್ತರು ಏನೂ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ಏನಾಗುತ್ತದೆಂದು ಆಗಲೇ ಅವಳಿಗೆ ಹೊಳೆಯಬೇಕಿತ್ತು. ಬೀಗತಿ ಬೆನ್ನು ತಿರುಗಿಸಿದ್ದೇ ತಡ, ಅವರು ಗ್ಲೋಬನ್ನು ಸರ್ರನೆ ಮೇಲಕ್ಕೆ ತಿರುಗಿಸಿ ಸೂಜಿಯನ್ನು ಸೈಬೀರಿಯಾದ ನಟ್ಟನಡುವೆ ಚುಚ್ಚಿಬಿಟ್ಟರು.

ಬೆಳಿಗ್ಗೆ ನಿಂಬೆವ್ವ ಹಿತ್ತಲ ಬಾಗಿಲು ತೆರೆಯಲು ನೋಡಿದರೆ ಅದು ತೆರೆಯಲೊಲ್ಲದು. ಭುಜ ಕೊಟ್ಟು ನೂಕಿದಾಗ ಹೊರಗಿನಿಂದ ಒಂದು ಬುಟ್ಟಿಯಷ್ಟು ಹಿಮ ಅಡುಗೆಮನೆಯೊಳಗೆ ಉರುಳಿತು. ಹಿತ್ತಲೆಲ್ಲ ಬೆಳ್ಳಗಾಗಿತ್ತು! ತುಳಸಿ ಕಟ್ಟೆ ಮುಚ್ಚಿಹೋಗಿತ್ತು. ದಾರದ ಮೇಲೆ ಒಣಹಾಕಿದ್ದ ಕೂಸಿನ ಕುಂಚಿಗೆ, ದುಪಟಿಗಳು ಹಪ್ಪಳದಂತೆ ಸೆಟೆದು ನಿಂತಿದ್ದವು. ಮುಟ್ಟಿದರೆ ಮುರಿಯುತ್ತಿದ್ದವು. ಅದೂ ಹಿಮ ಬಿದ್ದದ್ದು ಸರಿಯಾಗಿ ಮಾಸ್ತರರ ಕಂಪೌಂಡಿನವರೆಗೆ ಮಾತ್ರ. ಗೋಡೆಯಾಚೆ ನೆರೆಮನೆಯವರು ಬನಿಯನ್ನಿನಲ್ಲಿ ನಿಂತು ಹಲ್ಲುಜ್ಜುತ್ತ ಬೆರಗಾಗಿ ನೋಡುತ್ತಿದ್ದರು.

ಅವಳು ಕೂಗಬೇಕೆನ್ನುವಷ್ಟರಲ್ಲಿ ಒಳಗಿನಿಂದಲೇ ಕೂಗು ಬಂತು.

"ಅವ್ವಾ! ನಾ ಬಾಣಂತಿ ಅದೀನೋ, ರೊಟ್ಟಿ ಅದೀನೋ? ಬೆನ್ನೆಲ್ಲಾ ಸುಡಾಕತ್ತೈತಿ!"

ಸೈಬೀರಿಯಾದಷ್ಟು ಥಂಡಿ ಮಾಡಬೇಕಾದರೆ ಅಷ್ಟು ಬಿಸಿಯನ್ನು ಹೊರಗೆ ತೆಗೆಯಬೇಕಲ್ಲ! ತೆಗೆದದ್ದೆಲ್ಲ ಹೊರಸಿನ ಕೆಳಗಿನ ಹಂಚಿಗೆ ಬಂದು ಸೇರುತ್ತಿತ್ತು. ತಾಯಿ-ಕೂಸನ್ನು ಪಡಸಾಲೆಗೆ ಕರೆತಂದು, ಮಾಸ್ತರು ಇಕ್ಕಳದಿಂದ ಹಂಚನ್ನು ಕೊಳವೆಯ ಸಮೇತ ಹೊರಗೆಳೆದರು.

"ಬಂದ್ ಮಾಡ್ರಿ ಮದಲ ಆ ಮಿಶಿನ್ನ!" ಎಂದಳು ನಿಂಬೆವ್ವ.

"ಬಟನ್ ಬರ್ಫಿನ್ಯಾಗ ಹೋಗೇತಿ!"

"ಪ್ಲಗ್ ಕೀಳ್ರಿ!"

ಮಾಸ್ತರು ಪ್ಲಗ್ ಕಿತ್ತರು. ಯಂತ್ರ ಗುರುಗುಟ್ಟುತ್ತಲೇ ಇತ್ತು. ಅವರು ಕೈಯಲ್ಲಿದ್ದ ಪ್ಲಗ್ಗನ್ನು ನೋಡಿದರು, ಯಂತ್ರವನ್ನು ನೋಡಿದರು. ಅವರ ಮುಖದಲ್ಲಿ ಹೆದರಿಕೆಯ ಬದಲು ಆನಂದ ಅರಳಿತು. "ನಿಂಬಿ! ಇದಕ ಇನ್ನ ಕರೆಂಟ್ ಬ್ಯಾಡ! ಒಂದ ಕಡೆ ಇಷ್ಟ ಬಿಸಿ, ಒಂದ ಕಡೆ ಅಷ್ಟ ಥಂಡಿ. ಆ ಎರಡರ ಜಗಳದ ಮ್ಯಾಲೇ ತಾನ ನಡ್ಯಾಕತ್ತೈತಿ!"

"ಜಗಳದ ಮ್ಯಾಲೆ ನಡಿಯೂದಾದ್ರ ಈ ಮನ್ಯಾಗ ಅದು ಎಂದೂ ನಿಂದರೂದಿಲ್ಲ" ಎಂದಳು ಶಿವಗಂಗವ್ವ, ಮಫ್ಲರ್ ಬಿಗಿಮಾಡಿಕೊಳ್ಳುತ್ತ.

ಹಂಚನ್ನು ಎಲ್ಲಿ ಇಡುವುದು? ಮೊದಲು ಬಚ್ಚಲ ಹಂಡೆಯೊಳಗೆ ಇಟ್ಟರು. ಬಾಣಂತಿಯ ಎಣ್ಣೆ-ನೀರಿಗೆ ಬಿಸಿನೀರಾಯಿತು ಎಂದು ನಿಂಬೆವ್ವ ಸಮಾಧಾನ ಪಡುವಷ್ಟರಲ್ಲಿ ಹಂಡೆಯ ನೀರೆಲ್ಲ ಕೊತಕೊತ ಕುದ್ದು ಹಬೆಯಾಗಿ ಹಾರಿಹೋಯಿತು. ಆ ಹಬೆ ಹಿತ್ತಲಿಗೆ ಹೋದದ್ದೇ ಮತ್ತಷ್ಟು ಹಿಮವಾಗಿ ಬಿತ್ತು. ಆಮೇಲೆ ಹಂಚನ್ನು ಅಡುಗೆಮನೆಗೆ ತಂದರು. ಹೇಗೂ ತನ್ನ ಹಂಚೇ ತಾನೇ ಎಂದು ನಿಂಬೆವ್ವ ಅದರ ಮೇಲೆ ಒಂದು ರೊಟ್ಟಿ ಹಾಕಿ ನೋಡಿದಳು. ರೊಟ್ಟಿ ಹಂಚನ್ನು ಮುಟ್ಟುವ ಮೊದಲೇ ಕರಿಯಾಗಿ ಇದ್ದಿಲಿನಂತೆ ಪುಡಿಯಾಯಿತು. ಹಂಚು ಕೆಂಪಗಾಗುತ್ತಿತ್ತು. ಕೆಳಗಿನ ಶಹಾಬಾದ ಕಲ್ಲು ಚಟ್ ಎಂದು ಸೀಳಿತು.

"ಈಗ ಏನ ಮಾಡ್ತೀರಿ?"

ಮಾಸ್ತರು ಗಡ್ಡ ಕೆರೆದುಕೊಂಡರು. "ಬಿಸಿ ಎಲ್ಲಿಂದ ಬಂದೈತೋ, ಅಲ್ಲಿಗೇ ವಾಪಸ ಕಳಸೂದು!"

ಯಾರೂ ಏನೂ ಹೇಳುವ ಮೊದಲೇ ಅವರು ಹಂಚನ್ನು ಇಕ್ಕಳದಲ್ಲಿ ಹಿಡಿದು ಓಡಿ, ಬೆಳ್ಳುಳ್ಳಿ ಮಡಿಯ ನಡುವೆ ಗುದ್ದಲಿಯಿಂದ ಗುಂಡಿ ತೆಗೆದು ಹೂಳಿಬಿಟ್ಟರು. ಚುಂಯ್ ಎಂದು ಮಣ್ಣಿನಿಂದ ಹಬೆ ಎದ್ದಿತು. ಯಂತ್ರ ಒಮ್ಮೆ ಬಿಕ್ಕಿತು, ಗ್ಲೋಬು ಗರಗರ ಸುತ್ತಿತು, ಆಮೇಲೆ ಎಲ್ಲವೂ ಸ್ತಬ್ಧವಾಯಿತು. ಹಿಮ ಮಾತ್ರ ಹಾಗೆಯೇ ಉಳಿಯಿತು.

ಆಗ ಬೆಳ್ಳುಳ್ಳಿ ಬೆಳೆಯತೊಡಗಿತು.

ಮೇಲೆ ಸೈಬೀರಿಯಾ, ಬುಡದಲ್ಲಿ ಕಾದ ಹಂಚು! ಹೊಟ್ಟೆ ತುಂಬ ಚಳಿ ಉಂಡಿದ್ದ ಗಡ್ಡೆಗಳಿಗೆ ಮಾಗಿ ಮುಗಿದು ಒಂದೇ ಸಲಕ್ಕೆ ಬೇಸಿಗೆ ಬಂದಂತಾಗಿರಬೇಕು. ನೋಡನೋಡುತ್ತಿದ್ದಂತೆ ಎಲೆಗಳು ಮೊಣಕಾಲು ದಾಟಿ ಸೊಂಟಕ್ಕೆ ಬಂದವು. ಮಣ್ಣು ಬಿರಿಯಿತು. ತೆಂಗಿನಕಾಯಿಯಷ್ಟು ದೊಡ್ಡ ಗಡ್ಡೆಗಳು ಒಂದನ್ನೊಂದು ನೂಕುತ್ತ ಹಿಮದಿಂದ ಮೇಲೆದ್ದವು. ಮಧ್ಯಾಹ್ನದ ಊಟಕ್ಕೆ ಮೊದಲೇ ಎಲೆಗಳು ಹಳದಿಯಾಗಿ ಬಾಗಿ, ಬೆಳೆ ಕಟಾವಿಗೆ ಬಂತು.

ಶಿವಗಂಗವ್ವ ಮಾತಾಡಲಿಲ್ಲ. ನಿಂಬೆವ್ವ ಆ ಮೌನವನ್ನು ಬೆಲ್ಲದಂತೆ ಚಪ್ಪರಿಸಿದಳು. ಮಗಳು ಐದು ತಿಂಗಳು ಇಲ್ಲೇ! ಅವಳಿಗೆ ಕುಣಿಯಬೇಕೆನಿಸಿತು. ಗಂಡನನ್ನು ಇನ್ನು ಮುಂದೆ ಬೈಯಲೇಬಾರದು ಎಂದೂ ಅನಿಸಿತು. ಆ ನಿರ್ಧಾರ ಒಂದು ಗಡ್ಡೆ ಕೀಳುವವರೆಗೆ ಬಾಳಿತು.

ಗಡ್ಡೆಯನ್ನು ಕಿತ್ತವಳು ಶಿವಗಂಗವ್ವನೇ. ಸಿಪ್ಪೆ ಸುಲಿದು, ಬಾಳೆಹಣ್ಣಿನಷ್ಟು ದಪ್ಪನೆಯ ಒಂದು ಎಸಳನ್ನು ಬಿಡಿಸಿ ಮೂಗಿಗೆ ಹಿಡಿದಳು. ಒಮ್ಮೆ ಮೂಸಿದಳು. ಮತ್ತೊಮ್ಮೆ ಮೂಸಿದಳು. ಅವಳ ಮುಖ ನಿಧಾನವಾಗಿ ಬೆಳಗಿತು.

"ವಾಸನಿ ಎಲ್ಲೈತ್ರಿ?"

ನಿಂಬೆವ್ವನೂ ಮೂಸಿದಳು. ವಾಸನೆಯೇ ಇಲ್ಲ. ಎಸಳು ಮಂಜಿನ ತುಂಡಿನಂತೆ ತಣ್ಣಗಿತ್ತು.

"ವಾಸನಿ ಇಲ್ಲಂದ್ರ ಉಷ್ಣ ಇಲ್ಲ. ಉಷ್ಣ ಇಲ್ಲದ ಬಳ್ಳೊಳ್ಳಿ ತಗೊಂಡು ಏನ ಮಾಡೂದು? ಬರ್ಫಿನ್ಯಾಗ ಬೆಳದ ಥಂಡಿ ಬಳ್ಳೊಳ್ಳಿ ಬಾಣಂತಿಗೆ ಉಣಸ್ತೀರಿ? ನಮ್ಮ ಸೊಸಿನ್ನ ಕೊಲ್ಲಬೇಕಂತ ಮಾಡೀರೇನು? ಸಾಕು. ತೊಟ್ಟಲಾ ಆಗೂತನಕನೂ ಕಾಯೂದಿಲ್ಲ. ನಾಳಿ ಮುಂಜಾನೆ ತಾಯಿ-ಕೂಸನ್ನ ಕರಕೊಂಡ ಹೊಂಟೆ!"

ನಿಂಬೆವ್ವನ ಕಣ್ಣು ತುಂಬಿತು. "ಅಕ್ಕಾರ, ಒಮ್ಮೆ ರುಚಿ ನೋಡಿ ಆಮ್ಯಾಲೆ ಮಾತಾಡ್ರಿ. ಬಾಣಂತಿಗೆ ಹಾಕೂ ಮುಂದ ಹಿರ್ಯಾರು ತಿಂದ ನೋಡೂದು ಪದ್ಧತಿ ಐತಲ್ರಿ" ಎಂದು ಬೇಡಿದಳು.

ಪದ್ಧತಿ ಎಂದ ಮೇಲೆ ಶಿವಗಂಗವ್ವ ಇಲ್ಲ ಎನ್ನುವಂತಿಲ್ಲ. ನಿಂಬೆವ್ವ ಒಂದು ಎಸಳನ್ನು ಸೀಳಿ ತುಪ್ಪದಲ್ಲಿ ಹಾಕಿದಳು. ತುಪ್ಪ ಕುದಿಯಿತು. ಘಮ್ಮೆಂದು ವಾಸನೆ ಎದ್ದಿತು. ಅವಳು ಒಲೆ ಆರಿಸಲು ಬಗ್ಗಿ ನೋಡಿದರೆ, ಅದನ್ನು ಹಚ್ಚಿರಲೇ ಇಲ್ಲ! ಹೊರಗೆ ಮಂಜಿನಂತಿದ್ದ ಎಸಳು ಒಳಗೆ ಕೆಂಡದಂತಿತ್ತು. ಹಂಚಿಗೆ ಬಂದ ಬಿಸಿಯೆಲ್ಲ ಎಲ್ಲಿ ಹೋಗಿ ಅಡಗಿದೆಯೆಂದು ಅವಳಿಗೆ ಆಗ ತಿಳಿಯಿತು.

ತಾಟು ಹಿಡಿದು ನಿಂತ ಅವಳೊಳಗೆ ದೊಡ್ಡ ಹೊಯ್ದಾಟ ನಡೆಯಿತು. ಹೇಳಬೇಕೋ ಬೇಡವೋ? ಬೀಗತಿಯ ಬಾಯಿ ಸುಟ್ಟರೆ ಪಾಪ. ಆದರೆ ಆ ಬಾಯಿ ನಾಳೆ ಮುಂಜಾನೆ ಎಂದಿತ್ತಲ್ಲ! ಕೊನೆಗೆ ಧರ್ಮ ಗೆದ್ದಿತು, ಸ್ವಲ್ಪ ಮಾತ್ರ.

"ಅಕ್ಕಾರ, ಒಂದ ಚೂರ ತಿನ್ರಿ. ಉಷ್ಣ ಆದೀತು" ಎಂದಳು.

"ನನಗ ಬಳ್ಳೊಳ್ಳಿ ಉಷ್ಣ ಹೇಳಿಕೊಡ್ತೀರಿ? ನಾ ಬಳ್ಳೊಳ್ಳಿ ಹೊಲದಾಗ ಹುಟ್ಟಿದಾಕಿ!" ಎಂದು ಶಿವಗಂಗವ್ವ ಇಡೀ ಎಸಳನ್ನು ಬಾಯಿಗೆ ಹಾಕಿ, ಕಣ್ಣಿಗೆ ಕಣ್ಣಿಟ್ಟು, ಅಗಿದು ನುಂಗಿದಳು.

"ಸಪ್ಪಗೈತಿ" ಎಂದಳು.

ಆಮೇಲೆ ಅವಳಿಗೆ ಒಂದು ಬಿಕ್ಕಳಿಕೆ ಬಂತು. ಬಿಕ್ಕಳಿಕೆಯ ಜೊತೆಗೆ ಬಾಯಿಂದ ಕುಕ್ಕರಿನಂತೆ ಹಬೆ ಬಂತು. ಅವಳು ಮಫ್ಲರ್ ತೆಗೆದಳು. ಶಾಲು ತೆಗೆದಳು. ಒಂದು ಸ್ವೆಟರ್, ಇನ್ನೊಂದು ಸ್ವೆಟರ್ ತೆಗೆದಳು. ಕಿವಿಯ ಅರಳೆ ತಾನಾಗಿಯೇ ಹಾರಿ ಹೊರಬಿತ್ತು.

"ನೀರ ಕೊಡ್ರಿ!"

ನೀರು ಕೊಟ್ಟರು. ಅವಳ ಕೈಯಲ್ಲಿದ್ದ ಚರಿಗೆಯ ನೀರು ಸುಂಯ್‌ಗುಟ್ಟಿತು. ಅವಳು ಹಿತ್ತಲಿಗೆ ಓಡಿದಳು. ಕಾಲಿಟ್ಟಲ್ಲೆಲ್ಲ ಹಿಮ ಕರಗಿ ಹೆಜ್ಜೆಯಷ್ಟು ಮಡುಗಳಾದವು. ತುಳಸಿ ಕಟ್ಟೆಯ ಪಕ್ಕ ಹಿಮದ ಗುಡ್ಡೆಯ ಮೇಲೆ ಕುಳಿತಳು. ಗುಡ್ಡೆ ಕರಗಿ ಅವಳು ನೆಲಕ್ಕೆ ಬಂದಳು. ಮಾಸ್ತರು ಥರ್ಮಾಮೀಟರ್ ಹಿಡಿದು ಹಿಂದೆಯೇ ಓಡಿದರು. ಅದು ಟಪ್ಪೆಂದು ಒಡೆಯಿತು.

"ನೋವು ಐತೇನ್ರಿ? ಉರೀತೈತೇನ್ರಿ?" ನಿಂಬೆವ್ವ ಗಾಬರಿಯಿಂದ ಕೇಳಿದಳು. ಈಗ ಅವಳಿಗೆ ನಿಜವಾಗಿಯೂ ಪಾಪ ಅನಿಸಿತ್ತು.

"ನೋವಿಲ್ಲ, ಉರಿ ಇಲ್ಲ. ಬರೇ ಬಿಸಿ. ಒಳಗ ಯಾರೋ ಒಲಿ ಹಚ್ಚಿ ಹ್ವಾದಂಗ ಐತಿ!"

ಮಾಸ್ತರು ಅವಳ ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಕೈ ಹಿಡಿದು ಕಾಯಿಸಿಕೊಂಡರು. "ಆಹಾ! ಸರಿಯಾದ ಶೆಗಡಿ ಹದ!"

"ನನ್ನ ಶೆಗಡಿ ಅಂತೀರೇನ್ರಿ!"

"ಹೊಗಳಿಕಿ ಅದು, ಬೀಗತ್ಯಾರ!"

ಡಾಕ್ಟರು ಬಂದರು, ದೂರದಿಂದಲೇ ನೋಡಿದರು, ಮಜ್ಜಿಗೆ ಕುಡಿಸಿರಿ ಎಂದು ಹೇಳಿ ಹೋದರು. ಕುಡಿಸಿದ ಮಜ್ಜಿಗೆ ಹೊಟ್ಟೆಯೊಳಗೆ ಕುದಿಯುವ ಸದ್ದು ಪಡಸಾಲೆಯವರೆಗೆ ಕೇಳಿಸಿತು. ಮರುದಿನ ಮುಂಜಾನೆ ಶಿವಗಂಗವ್ವ ಹಟ ಹಿಡಿದು ಆಟೋ ತರಿಸಿದಳು. ಬಾಣಂತಿಯನ್ನು ಹತ್ತಿಸುವ ಮೊದಲು ತಾನು ಹತ್ತಿ ಕುಳಿತಳು. ಸೀಟಿನ ರೆಕ್ಸಿನ್ ಕರಗಿ ಅವಳ ಸೀರೆಗೆ ಅಂಟಿತು. ಆಟೋದವನು ಹೊಗೆ ನೋಡಿ ಕಿರುಚಿಕೊಂಡು ಇಳಿದು ಓಡಿದ. ಅವನನ್ನು ಹುಡುಕಿ ತಂದು, ಸೀಟಿನ ಸಮೇತ ಬೀಗತಿಯನ್ನು ಇಳಿಸಿಕೊಳ್ಳಬೇಕಾಯಿತು.

ಮಾಸ್ತರು ಸುಣ್ಣದ ತುಂಡಿನಿಂದ ಗೋಡೆಯ ಮೇಲೆ ಲೆಕ್ಕ ಮಾಡಿ ಹೇಳಿದರು: "ಒಂದೊಂದ ಎಸಳಿನ್ಯಾಗ ಒಂದೊಂದ ಮಾಗಿ ಬಿಸಿ ಕೂತೈತಿ. ಅದು ಸಾವಕಾಶ ಹೊರಗ ಬರಬೇಕು. ಅಲ್ಲೀತನಕ ಇವರು ಎಲ್ಲಿಗೂ ಹೋಗುವಂಗಿಲ್ಲ."

ಶಿವಗಂಗವ್ವ ಸೀರೆಗೆ ಅಂಟಿದ ರೆಕ್ಸಿನ್ ಚೂರುಗಳನ್ನು ಒಂದೊಂದಾಗಿ ಕಿತ್ತು ಹಾಕಿದಳು. ಆಮೇಲೆ, "ಬಳ್ಳೊಳ್ಳಿಗೆ ಉಷ್ಣ ಐತಿ ಅಂತ ಒಪ್ಪೇನಿ. ಮಾತಂದ್ರ ಮಾತು. ದಾಕ್ಷಾ ಇಲ್ಲೇ ಇರಲಿ. ಆದ್ರ ನಿಮ್ಮಂಥವರ ಕೈಯಾಗ ಬಾಣಂತಿನ್ನ ಬಿಟ್ಟ ಹೋಗಾಕ ನನಗೂ ಮನಸಿಲ್ಲ" ಎಂದಳು. ಮನಸ್ಸಿದ್ದರೂ ಹೋಗುವಂತಿರಲಿಲ್ಲ, ಆದರೆ ಅದನ್ನು ಯಾರೂ ಎತ್ತಿ ಹೇಳಲಿಲ್ಲ.

ಹೀಗೆ ನಿಂಬೆವ್ವನಿಗೆ ಮಗಳೂ ಉಳಿದಳು, ಬೀಗತಿಯೂ ಉಳಿದಳು. ತಾನು ದೇವರಲ್ಲಿ ಬೇಡುವಾಗ ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕಿತ್ತು ಎಂದು ಅವಳಿಗೆ ದಿನಾ ಅನಿಸುತ್ತಿತ್ತು. ಸಾರಿಗೆ ಹುಳಿ ಹೆಚ್ಚು, ರೊಟ್ಟಿ ದಪ್ಪ, ಕೂಸಿಗೆ ಎರೆಯುವ ನೀರು ಕಡಿಮೆ. ಮಾತು ಮುಗಿಯುತ್ತಿರಲಿಲ್ಲ. ಬಾಣಂತಿಗೆ ಆ ಬೆಳ್ಳುಳ್ಳಿಯನ್ನು ಕೂದಲೆಳೆಯಷ್ಟು ತುರಿದು ತುಪ್ಪದಲ್ಲಿ ಹಾಕಿ ಕೊಡುತ್ತಿದ್ದರು. ಅಷ್ಟಕ್ಕೇ ದಾಕ್ಷಾಯಣಿಯ ಕೆನ್ನೆ ಕೆಂಪಾಗುತ್ತಿತ್ತು. ಶೆಗಡಿ ಬೇಕಾಗಲಿಲ್ಲ. ಶಿವಗಂಗವ್ವ ಹೊರಸಿನ ಪಕ್ಕ ಕಲ್ಲಿನ ಕಟ್ಟೆಯ ಮೇಲೆ ಕುಳಿತರೆ ಕೋಣೆಯೆಲ್ಲ ಬೆಚ್ಚಗಾಗುತ್ತಿತ್ತು. ತೊಟ್ಟಿಲ ಶಾಸ್ತ್ರವೂ ಅವಳ ಸುತ್ತಲೇ ಆಯಿತು. ಬಂದ ಹೆಂಗಸರು ಆರತಿ ಮಾಡಿ, ಅವಳ ಹತ್ತಿರ ಕುಳಿತು ಕೈ ಕಾಯಿಸಿಕೊಂಡು ಹೋದರು.

ಎಲ್ಲಕ್ಕಿಂತ ಹೆಚ್ಚು ಖುಷಿಪಟ್ಟದ್ದು ಕೂಸು. ಸಂಜೆಯಾದರೆ ಮನೆ ಹಾರಿಹೋಗುವಂತೆ ಅಳುತ್ತಿದ್ದ ಅದು, ಶಿವಗಂಗವ್ವನ ತೊಡೆಯ ಮೇಲೆ ಕೌದಿಗಳನ್ನು ಮಡಚಿ ಹಾಕಿ ಮಲಗಿಸಿದರೆ ತಟಕ್ಕನೆ ನಿದ್ದೆ ಹೋಗುತ್ತಿತ್ತು. "ನನ್ನ ಬಿಟ್ರ ಯಾರ ಕಡೇನೂ ಮಲಗೂದಿಲ್ಲ ನೋಡ್ರಿ!" ಎಂದು ಶಿವಗಂಗವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಹಾಗೆ ಹೇಳುವಾಗ ಅವಳ ದನಿ ಬೇರೆಯಾಗುತ್ತಿತ್ತು. ಮೊದಲ ಸಲ ಅದನ್ನು ಕೇಳಿದಾಗ ನಿಂಬೆವ್ವನಿಗೆ ಹೊಟ್ಟೆಕಿಚ್ಚಾಯಿತು. ಆಮೇಲಾಮೇಲೆ ಕೌದಿಯನ್ನು ತಾನೇ ಮಡಚಿ ಕೊಡತೊಡಗಿದಳು.

ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು. ಕೌದಿಗಳು ಒಂದೊಂದಾಗಿ ಕಡಿಮೆಯಾದವು. ಒಂದು ದಿನ ಶಿವಗಂಗವ್ವನ ಕೈಯಲ್ಲಿದ್ದ ಚಹಾ ಎಲ್ಲರ ಚಹಾದಂತೆಯೇ ಆರಿತು. ಆ ಸಂಜೆ ಕೂಸು ಅವಳ ತೊಡೆಯ ಮೇಲೆ ಮಲಗಲಿಲ್ಲ. ಅತ್ತು, ಹೊರಳಾಡಿ, ತಾಯಿಗೆ ಕೈ ಚಾಚಿತು. ಶಿವಗಂಗವ್ವ ಕೂಸನ್ನು ಕೊಟ್ಟು, ಬರಿದಾದ ತೊಡೆಯ ಮೇಲೆ ಕೈಯಿಟ್ಟುಕೊಂಡು ಕುಳಿತಳು. ಅಂದು ಅವಳು ಸಾರಿನ ಹುಳಿಯ ಬಗ್ಗೆ ಏನೂ ಹೇಳಲಿಲ್ಲ.

ಮಾಸ್ತರು ಮರುದಿನ ಗೋಡೆಯ ಲೆಕ್ಕ ನೋಡಿ ಘೋಷಿಸಿದರು. "ಬಿಸಿ ಪೂರಾ ಮುಗೀತು! ನಾ ಹೇಳಿದ ದಿನಕ್ಕ ಸರಿಯಾಗಿ! ಬೀಗತ್ಯಾರ, ನಾಳಿ ನೀವು ಆರಾಮ ಊರಿಗೆ ಹೋಗಬಹುದು!"

"ಹಂಗಾರ ಹೋಗಬೇಕಲ್ರಿ" ಎಂದಳು ಶಿವಗಂಗವ್ವ. "ಹೆಂಗೂ ಹೋಗೂದೈತಿ. ತಾಯಿ-ಕೂಸನ್ನೂ ಕರಕೊಂಡ ಹೋಗ್ತೀನಿ. ಮತ್ತೊಮ್ಮೆ ಬರೂದು ತ್ರಾಸ."

ಬೀಗತಿ ಹೋಗುವ ದಿನ ತಾನು ಹೋಳಿಗೆ ಮಾಡಬೇಕೆಂದು ನಿಂಬೆವ್ವ ಎಷ್ಟೋ ಸಲ ಅಂದುಕೊಂಡಿದ್ದಳು. ಈಗ ಅವಳಿಗೆ ಬೇಳೆ ನೆನೆಹಾಕಲೂ ಮನಸ್ಸಾಗಲಿಲ್ಲ. ಐದು ತಿಂಗಳು ಇನ್ನೂ ಆಗಿರಲಿಲ್ಲ. ಕೂಸು ಈಗಷ್ಟೇ ಅವಳನ್ನು ನೋಡಿ ನಗಲು ಕಲಿತಿತ್ತು. ದಾಕ್ಷಾಯಣಿ ಕೋಣೆಯಲ್ಲಿ ಸದ್ದಿಲ್ಲದೆ ಕುಂಚಿಗೆಗಳನ್ನು ಮಡಚುತ್ತಿದ್ದಳು.

ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಿಂಬೆವ್ವ ಮೆಲ್ಲಗೆ ಎದ್ದಳು. ಅಡುಗೆಮನೆಯ ಮಾಡಿನ ಗೂಟಕ್ಕೆ ಆ ಬೆಳ್ಳುಳ್ಳಿಯ ಕೊನೆಯ ಗಡ್ಡೆಗಳನ್ನು ಗೊಂಚಲು ಕಟ್ಟಿ ತೂಗುಹಾಕಿದ್ದಳು. ಸಂಜೆಯ ಚಟ್ನಿಗೆ ಒಂದೇ ಒಂದು ಎಸಳು ಬಿದ್ದರೆ ಯಾರಿಗೆ ಗೊತ್ತಾಗುತ್ತದೆ? ಪಾಪವೆಂದರೆ ಪಾಪ. ದೇವರಿಗೆ ಆಮೇಲೆ ಬಿಡಿಸಿ ಹೇಳಿದರಾಯಿತು. ಅವಳು ಬಾಗಿಲು ದೂಡಿ ಒಳಗೆ ಕಾಲಿಟ್ಟಳು.

ಗೊಂಚಲಿನ ಕೆಳಗೆ, ಮಣೆಯ ಮೇಲೆ ಹತ್ತಿ, ಎರಡೂ ಕೆನ್ನೆ ಉಬ್ಬಿಸಿಕೊಂಡು ಶಿವಗಂಗವ್ವ ನಿಂತಿದ್ದಳು. ಕೈಯಲ್ಲಿ ಬಿಳಿ ಸಿಪ್ಪೆ ಇತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಶಿವಗಂಗವ್ವ ಅಗಿಯುವುದನ್ನು ನಿಲ್ಲಿಸಿದಳು. ನಿಂಬೆವ್ವ ಹೋಗಿ, ಬೀಗತಿ ಬೀಳದಂತೆ ಮಣೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಸಾವಕಾಶ ನುಂಗ್ರಿ ಅಕ್ಕಾರ" ಎಂದಳು.

ಶಿವಗಂಗವ್ವ ನುಂಗಿದಳು. ಒಂದು ಬಿಕ್ಕಳಿಕೆ ಬಂತು, ಅದರ ಹಿಂದೆ ಬೆಳ್ಳಗೆ ಹಬೆ ಬಂತು. "ಉಷ್ಣ ಇನ್ನೂ ಇಳದಿಲ್ಲ ನೋಡ್ರಿ, ನಿಂಬೆಕ್ಕಾ" ಎಂದಳು.

"ಎಲ್ಲಿ ಇಳೀತೈತ್ರಿ? ಇಂಥಾದ್ರಾಗ ಪ್ರಯಾಣ ಹೆಂಗ ಮಾಡ್ತೀರಿ?" ಎನ್ನುತ್ತ ನಿಂಬೆವ್ವ ಸಿಪ್ಪೆಯನ್ನು ತೆಗೆದುಕೊಂಡು, ಅಭ್ಯಾಸವಿದ್ದ ಕೈಯಿಂದ ಒಲೆಯೊಳಗೆ ತುರುಕಿದಳು.

ಸಂಜೆ ಕೂಸು ಅಜ್ಜಿಯ ತೊಡೆಯ ಮೇಲೆ ಕೌದಿಗಳ ರಾಶಿಯಲ್ಲಿ ಸುಖವಾಗಿ ನಿದ್ದೆ ಹೋಯಿತು. ಹೊರಗೆ ಬೇಸಿಗೆ ಸುರುವಾಗಿತ್ತು. ಮಾಸ್ತರು ಬೆವರು ಒರೆಸಿಕೊಳ್ಳುತ್ತ ಗೋಡೆಯ ಮುಂದೆ ಕುಳಿತು, ಲೆಕ್ಕ ಎಲ್ಲಿ ತಪ್ಪಿತೆಂದು ಮತ್ತೆ ಮೊದಲಿನಿಂದ ಹುಡುಕುತ್ತಿದ್ದರು. ಜನ್ಮದಲ್ಲಿ ಒಂದೇ ಒಂದು ಸಲ ಅವರ ಲೆಕ್ಕ ಸರಿಯಾಗಿತ್ತು. ಅದನ್ನು ಅವರಿಗೆ ಹೇಳುವವರು ಮಾತ್ರ ಆ ಮನೆಯಲ್ಲಿ ಯಾರೂ ಇರಲಿಲ್ಲ.